ಹತ್ತಕ್ಕೆ ಒಂಬತ್ತು ಬಂದ ಶಾಲೆ, ಅದರ ಪಕ್ಕದ ಮನೆ: ಗ್ರೇಟ್‌ಸ್ಕೂಲ್ಸ್ ಬಳಸಿ ನೋಡಿದ ಮೇಲೆ

ಡಾಲಸ್ಸಿನ ಉತ್ತರಕ್ಕೆ ಮನೆ ಹುಡುಕುತ್ತಿದ್ದೀವಿ ಅಂತ ಯಾವ ಕನ್ನಡದವರ ಹತ್ತಿರ ಹೇಳಿದರೂ ಎರಡು ಪ್ರಶ್ನೆ ಗ್ಯಾರಂಟಿ. ಬಾಗಿಲು ಯಾವ ದಿಕ್ಕಿಗೆ? ಸ್ಕೂಲ್ ರೇಟಿಂಗ್ ಎಷ್ಟು? ದಿಕ್ಕಿನ ವಿಷಯದಲ್ಲಿ ನಮ್ಮತ್ತೆ ದಾವಣಗೆರೆಯಲ್ಲಿ ಕೂತೇ ತೀರ್ಪು ಕೊಟ್ಟಿದ್ದರು: ಪೂರ್ವ, ಸಿಗದಿದ್ದರೆ ಉತ್ತರ. ಹಾಗಾಗಿ ನನ್ನ ಪಾಲಿಗೆ ಉಳಿದದ್ದು ರೇಟಿಂಗ್.

ರೇಟಿಂಗ್ ಅಂದರೆ ಇಲ್ಲಿ ಎಲ್ಲರ ಬಾಯಲ್ಲೂ ಗ್ರೇಟ್‌ಸ್ಕೂಲ್ಸ್ ಕೊಡುವ ನಂಬರ್ರೇ. 1998ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಲಾಭರಹಿತ ಸಂಸ್ಥೆ ಇದು. ಅಮೆರಿಕದ ಸರ್ಕಾರಿ ಶಾಲೆಗಳಿಗೆ ಒಂದರಿಂದ ಹತ್ತರವರೆಗೆ ಅಂಕ ಕೊಡುತ್ತದೆ. ನಾಲ್ಕರ ತನಕ ಸರಾಸರಿಗಿಂತ ಕಮ್ಮಿ, ಐದು ಆರು ಸರಾಸರಿ, ಏಳರಿಂದ ಮೇಲೆ ಚೆನ್ನಾಗಿದೆ ಅಂತ ಲೆಕ್ಕ. ನೋಡೋದಕ್ಕೆ ದುಡ್ಡಿಲ್ಲ. ಹುಡುಕಿಕೊಂಡು ಹೋಗುವ ಕೆಲಸವೂ ಇಲ್ಲ. ಝಿಲೋ, ರೆಡ್‌ಫಿನ್, ರಿಯಲ್ಟರ್ ಡಾಟ್ ಕಾಮ್ ತರದ ಮನೆ ಮಾರುವ ಸೈಟುಗಳಲ್ಲಿ ಮನೆಯ ಫೋಟೊ ನೋಡುತ್ತಾ ಕೆಳಗೆ ಸರಿದರೆ ಅಲ್ಲೇ ಕೂತಿರುತ್ತದೆ.

ಊರಲ್ಲಿರುವವರಿಗೆ ಒಂದು ಮಾತು. ಇಲ್ಲಿ ಮನೆಯ ವಿಳಾಸವೇ ಮಗುವಿನ ಶಾಲೆಯನ್ನು ತೀರ್ಮಾನ ಮಾಡುತ್ತದೆ. ಫೀಸ್ ಇಲ್ಲ, ಡೊನೇಶನ್ ಇಲ್ಲ, ಅಡ್ಮಿಶನ್‌ಗೆ ಬೆಳಗಿನ ಜಾವ ಕ್ಯೂ ಇಲ್ಲ. ಬದಲಿಗೆ ಆ ದುಡ್ಡನ್ನೆಲ್ಲ ಮನೆಯ ಬೆಲೆಯಲ್ಲಿ ಸೇರಿಸಿ ಕೊಟ್ಟಿರುತ್ತೀರಿ. ಜೊತೆಗೆ ಮೂವತ್ತು ವರ್ಷದ ಬಡ್ಡಿ.

ನಾನು ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುವವಳು. ಯಾರಾದರೂ ಒಂದು ನಂಬರ್ ಮುಂದಿಟ್ಟರೆ ಅದು ಎಲ್ಲಿಂದ ಬಂತು ಅಂತ ಕೆದಕದೆ ಸಮಾಧಾನ ಇಲ್ಲ. ಮನೆ ಹುಡುಕಿದ ಅಷ್ಟೂ ಕಾಲ ಈ ಸೇವೆಯನ್ನು ದಿನಾ ಬಳಸಿದ್ದೇನೆ. ಅದಕ್ಕೇ ಈ ವಿಮರ್ಶೆ. ನಕ್ಷತ್ರ ಮೊದಲೇ ಹೇಳಿಬಿಡ್ತೀನಿ: ಐದಕ್ಕೆ ಮೂರು.

ಮನೆ ಮಾರುವ ಸೈಟುಗಳಲ್ಲಿ ಕಾಣುವುದು ಒಂದೇ ಅಂಕ. ಗ್ರೇಟ್‌ಸ್ಕೂಲ್ಸ್‌ನ ಸ್ವಂತ ಪುಟಕ್ಕೆ ಹೋದರೆ ಅದೇ ಅಂಕ ಬಿಡಿಬಿಡಿಯಾಗಿ ಸಿಗುತ್ತದೆ. ರಾಜ್ಯದ ಪರೀಕ್ಷೆಯಲ್ಲಿ ಮಕ್ಕಳು ಎಷ್ಟು ತೆಗೆದರು ಅನ್ನುವುದು ಒಂದು. ಒಂದು ವರ್ಷದಿಂದ ಇನ್ನೊಂದು ವರ್ಷಕ್ಕೆ ಎಷ್ಟು ಮುಂದೆ ಹೋದರು ಅನ್ನುವುದು ಇನ್ನೊಂದು. ಇದಕ್ಕೆ ಸ್ಟೂಡೆಂಟ್ ಪ್ರೋಗ್ರೆಸ್ ಅಂತ ಹೆಸರು. ಬಡ ಮನೆಗಳ ಮಕ್ಕಳು ಅದೇ ಶಾಲೆಯಲ್ಲಿ ಹೇಗೆ ಮಾಡುತ್ತಿದ್ದಾರೆ ಅನ್ನುವುದು ಮತ್ತೊಂದು. ಹೈಸ್ಕೂಲ್ ಆದರೆ ಕಾಲೇಜಿಗೆ ಎಷ್ಟು ತಯಾರಾದರು ಅನ್ನುವುದೂ ಸೇರುತ್ತದೆ. ಇದನ್ನೆಲ್ಲ ಕಲಸಿ ಒಂದು ನಂಬರ್ ಮಾಡುತ್ತಾರೆ. ಮೊದಲು ಬರೀ ಪರೀಕ್ಷೆಯ ಅಂಕದ ಮೇಲೆ ನಡೆಯುತ್ತಿದ್ದದ್ದು. ಟೀಕೆ ಬಂದ ಮೇಲೆ ಈಗ ಪ್ರಗತಿಗೂ ತೂಕ ಕೊಟ್ಟಿದ್ದಾರೆ. ಇದನ್ನು ಮೆಚ್ಚಬೇಕು.

ಆದರೆ ಕಲಸಿದ ಮೇಲೆ ಏನಾಗುತ್ತೆ ನೋಡಿ. ಡಾಲಸ್ಸಿನ ಉತ್ತರಕ್ಕಿರುವ ಫ್ರಿಸ್ಕೊ ಅನ್ನೋ ಊರಲ್ಲಿ ಒಂದು ರಸ್ತೆಯ ಈ ಬದಿ, ಆ ಬದಿ ಎರಡು ಮನೆ ನೋಡಿದೆವು. ಒಬ್ಬನೇ ಬಿಲ್ಡರ್ ಕಟ್ಟಿದ್ದು, ಹೆಚ್ಚುಕಮ್ಮಿ ಒಂದೇ ಪ್ಲಾನ್, ಅಡುಗೆಮನೆಯ ಕಲ್ಲು ಸಹ ಒಂದೇ ಬಣ್ಣದ್ದು. ಈ ಬದಿಯ ಮನೆಯ ಶಾಲೆಗೆ ಒಂಬತ್ತು, ಆ ಬದಿಯದಕ್ಕೆ ಏಳು. ಬೆಲೆಯಲ್ಲಿ ನಲವತ್ತು ಸಾವಿರ ಡಾಲರಿಗಿಂತ ಜಾಸ್ತಿ ವ್ಯತ್ಯಾಸ. ನಮ್ಮನೆಯವರು ಕಾರಿನಲ್ಲೇ ಲೋನ್ ಕ್ಯಾಲ್ಕುಲೇಟರ್ ತೆಗೆದು ಕೂತರು. ನಾನು ಎರಡೂ ಶಾಲೆಗಳ ಪುಟ ಬಿಚ್ಚಿದೆ. ಒಂಬತ್ತರ ಶಾಲೆಗೆ ಪರೀಕ್ಷೆಯ ಅಂಕದಲ್ಲಿ ಹತ್ತು, ಪ್ರಗತಿಯಲ್ಲಿ ಆರು. ಏಳರ ಶಾಲೆಗೆ ಅಂಕದಲ್ಲಿ ಏಳು, ಪ್ರಗತಿಯಲ್ಲಿ ಎಂಟು.

ನಮ್ಮೂರಲ್ಲಿ ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ಮಾರನೇ ದಿನ ಶಾಲೆಗಳ ಮುಂದೆ "ಶೇಕಡಾ ನೂರು" ಅಂತ ಫ್ಲೆಕ್ಸ್ ಏಳುತ್ತಲ್ವಾ? ಒಂಬತ್ತನೇ ಕ್ಲಾಸಿನಲ್ಲೇ ದಡ್ಡ ಅನ್ನಿಸಿಕೊಂಡ ಹುಡುಗರಿಗೆ ಟಿಸಿ ಕೊಟ್ಟು ಕಳಿಸಿದ ಶಾಲೆಯೂ ಆ ಫ್ಲೆಕ್ಸ್ ಹಾಕುತ್ತೆ. ಇಲ್ಲಿ ಟಿಸಿ ಕೊಡೋ ಕೆಲಸವನ್ನು ಮನೆಯ ಬೆಲೆ ಮಾಡುತ್ತದೆ, ಅಷ್ಟೇ. ಆ ರಸ್ತೆಯ ಈ ಬದಿಯಲ್ಲಿ ಇರುವವರಲ್ಲಿ ಗಂಡ ಹೆಂಡತಿ ಇಬ್ಬರೂ ಎಂಜಿನಿಯರ್‌ಗಳೇ ಜಾಸ್ತಿ. ಮಕ್ಕಳು ಕಿಂಡರ್‌ಗಾರ್ಟನ್‌ಗೆ ಬರುವಾಗಲೇ ಓದಲು ಕಲಿತಿರುತ್ತಾರೆ. ಸಂಜೆ ಕುಮಾನ್ ಟ್ಯೂಶನ್, ಶನಿವಾರ ಅಬ್ಯಾಕಸ್, ಭಾನುವಾರ ಸ್ಪೆಲಿಂಗ್ ಬೀ. ಅವರಿಗೆ ಹತ್ತು ಬರದೆ ಇನ್ನೆಷ್ಟು ಬರಬೇಕು? ಅದರಲ್ಲಿ ಶಾಲೆಯ ಪಾಲೆಷ್ಟು, ಕುಮಾನ್ ಪಾಲೆಷ್ಟು ಅಂತ ಆ ನಂಬರ್ ಬಾಯಿಬಿಡಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರೊಫೆಸರ್ ಶಾನ್ ರಿಯರ್ಡನ್ ದೇಶದ ಶಾಲೆಗಳ ಪರೀಕ್ಷೆಯ ಅಂಕವನ್ನೆಲ್ಲ ಒಟ್ಟು ಹಾಕಿ ಹೇಳುತ್ತಾ ಬಂದಿರುವುದೂ ಇದನ್ನೇ: ಸರಾಸರಿ ಅಂಕ ಮನೆಗಳ ಆದಾಯದ ಜೊತೆ ಅಂಟಿಕೊಂಡೇ ಏರುತ್ತದೆ, ವರ್ಷದಿಂದ ವರ್ಷದ ಪ್ರಗತಿ ಹಾಗೆ ಏರುವುದಿಲ್ಲ. ಶಾಲೆ ಏನು ಕಲಿಸಿತು ಅಂತ ತಿಳಿಯಬೇಕಾದರೆ ಪ್ರಗತಿಯನ್ನೇ ನೋಡಬೇಕು.

ಪ್ರಾಥಮಿಕ ಶಾಲೆಯ ಅಂಕ ನಿಂತಿರುವ ಬುಡವೂ ಸಣ್ಣದು. ಟೆಕ್ಸಸ್‌ನಲ್ಲಿ ಸ್ಟಾರ್ ಅನ್ನುವ ರಾಜ್ಯದ ಪರೀಕ್ಷೆ ಶುರುವಾಗುವುದೇ ಮೂರನೇ ಕ್ಲಾಸಿನಿಂದ. ಐದನೇ ಕ್ಲಾಸಿನವರೆಗಿನ ಶಾಲೆ ಅಂದರೆ ಮೂರು ತರಗತಿಯ ಮಕ್ಕಳ ಪರೀಕ್ಷೆ, ಅಷ್ಟೇ. ನನ್ನ ಮಗಳು ಎರಡನೇ ಕ್ಲಾಸು. ಅವಳ ಟೀಚರ್ ಬಗ್ಗೆ, ಕಿಂಡರ್‌ಗಾರ್ಟನ್ ಬಗ್ಗೆ ಆ ಪರೀಕ್ಷೆಯಲ್ಲಿ ಒಂದು ಅಕ್ಷರವೂ ಇಲ್ಲ. 2020ರಲ್ಲಿ ಕೋವಿಡ್‌ನಿಂದ ಪರೀಕ್ಷೆಯೇ ನಡೆಯಲಿಲ್ಲ. 2023ರಲ್ಲಿ ಪರೀಕ್ಷೆಯ ಸ್ವರೂಪವನ್ನೇ ಬದಲಾಯಿಸಿದರು. ಪುಟ ನೋಡುವಾಗ ಅಂಕದ ಕೆಳಗೆ ಯಾವ ವರ್ಷದ ಮಾಹಿತಿ ಅಂತ ಸಣ್ಣಕ್ಷರದಲ್ಲಿ ಇರುತ್ತೆ, ಅದನ್ನು ತಪ್ಪದೆ ನೋಡಿ. ಮನೆ ಮಾರುವ ಸೈಟುಗಳಲ್ಲಿ ಅದೂ ಎದ್ದು ಕಾಣಲ್ಲ.

ಇನ್ನು ಗಡಿಯ ಕಥೆ. ಇಲ್ಲಿ ಸ್ವಲ್ಪ ಜಾಸ್ತಿ ಬರೀತೀನಿ, ಯಾಕೆಂದರೆ ದುಡ್ಡು ಕೈಬಿಡುವುದು ಇಲ್ಲೇ.

ಫ್ರಿಸ್ಕೊ ಅನ್ನೋ ಊರು ಬೇರೆ, ಫ್ರಿಸ್ಕೊ ಐಎಸ್‌ಡಿ ಅನ್ನೋ ಸ್ಕೂಲ್ ಡಿಸ್ಟ್ರಿಕ್ಟ್, ಅಂದರೆ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಮಂಡಳಿ, ಬೇರೆ. ಫ್ರಿಸ್ಕೊ ವಿಳಾಸದ ಮನೆ ಫ್ರಿಸ್ಕೊ ಐಎಸ್‌ಡಿಗೇ ಸೇರಬೇಕು ಅಂತೇನಿಲ್ಲ. ಪ್ರಾಸ್ಪರ್, ಲಿಟಲ್ ಎಲ್ಮ್, ಲೂಯಿಸ್‌ವಿಲ್ ಡಿಸ್ಟ್ರಿಕ್ಟ್‌ಗಳೂ ಊರೊಳಗೆ ಕೈಚಾಚಿವೆ. ಆ ಕಡೆ ಮೆಕಿನಿಯ ಪಶ್ಚಿಮ ಭಾಗದಲ್ಲಿ, ಪ್ಲೇನೊದ ಉತ್ತರದಲ್ಲಿ ಇರುವ ಎಷ್ಟೋ ಮನೆಗಳ ಮಕ್ಕಳು ಫ್ರಿಸ್ಕೊ ಐಎಸ್‌ಡಿಗೆ ಹೋಗುತ್ತಾರೆ. ನಾವು ಬಾಡಿಗೆಗಿದ್ದ ಅರ್ವಿಂಗ್‌ನ ವ್ಯಾಲಿ ರ‍್ಯಾಂಚ್‌ನಲ್ಲೂ ಇದೇ ತರ. ಊರು ಅರ್ವಿಂಗ್, ಕೆಲವು ಮಕ್ಕಳು ಕೊಪ್ಪೆಲ್ ಐಎಸ್‌ಡಿಗೆ, ಉಳಿದವರು ಕ್ಯಾರಲ್ಟನ್‌–ಫಾರ್ಮರ್ಸ್ ಬ್ರಾಂಚ್‌ಗೆ. ಪಿನ್‌ಕೋಡ್ ನೋಡಿ ಶಾಲೆ ಊಹೆ ಮಾಡೋದು ಇಲ್ಲಿ ನಡೆಯಲ್ಲ.

ಡಿಸ್ಟ್ರಿಕ್ಟ್ ಸರಿಯಾಗಿದ್ದರೂ ಅದರೊಳಗಿನ ಶಾಲೆಯ ಝೋನ್, ಅಂದರೆ ಯಾವ ಬೀದಿಗೆ ಯಾವ ಶಾಲೆ ಅನ್ನುವುದು, ಬದಲಾಗಬಹುದು. ಫ್ರಿಸ್ಕೊದ ಜನಸಂಖ್ಯೆ 2000ದಲ್ಲಿ ಮೂವತ್ತಮೂರು ಸಾವಿರ ಚಿಲ್ಲರೆ ಇತ್ತು, 2020ರಲ್ಲಿ ಎರಡು ಲಕ್ಷ ದಾಟಿತು. ಹೀಗೆ ಬೆಳೆದ ಊರಲ್ಲಿ ಹೊಸ ಶಾಲೆ ತೆರೆದಾಗಲೆಲ್ಲ ಗಡಿ ಮತ್ತೆ ಎಳೆದಿದ್ದಾರೆ. ಈಗ ಗಾಳಿ ಉಲ್ಟಾ ಬೀಸುತ್ತಿದೆ. ಮನೆ ದುಬಾರಿಯಾಗಿ ಎಳೆ ಮಕ್ಕಳ ಸಂಸಾರಗಳು ಇನ್ನೂ ಉತ್ತರಕ್ಕೆ ಹೋಗುತ್ತಿವೆ, ಇಲ್ಲಿ ಮಕ್ಕಳ ಸಂಖ್ಯೆ ಇಳಿಯುತ್ತಿದೆ. 2024ರ ಡಿಸೆಂಬರಿನಲ್ಲಿ ಫ್ರಿಸ್ಕೊ ಐಎಸ್‌ಡಿ ಒಂದು ಹಳೆಯ ಮಿಡ್ಲ್ ಸ್ಕೂಲನ್ನೇ ಮುಚ್ಚುವ ತೀರ್ಮಾನ ಮಾಡಿತು. ಆ ಮಕ್ಕಳನ್ನು ಬೇರೆ ಶಾಲೆಗಳಿಗೆ ಹಂಚಿದರು. ಒಂಬತ್ತರ ಶಾಲೆ ಅಂತ ದುಡ್ಡು ಸುರಿದು ಮನೆ ತಗೊಂಡವರಿಗೆ ಆ ಶಾಲೆಯೇ ಸಿಗುತ್ತೆ ಅಂತ ಯಾರೂ ಬರೆದು ಕೊಟ್ಟಿಲ್ಲ. ಝಿಲೋ ಪುಟದ ಕೆಳಗೂ ಸಣ್ಣಕ್ಷರದಲ್ಲಿ ಅದೇ ಇರೋದು: ಗಡಿ ಬದಲಾಗಬಹುದು, ಶಾಲೆಯನ್ನೇ ಕೇಳಿ ಖಚಿತ ಮಾಡಿಕೊಳ್ಳಿ.

ಏಜೆಂಟ್ ಹೇಳಲ್ವಾ ಅಂತ ಕೇಳಬಹುದು. ಹೇಳಲ್ಲ. ನಮ್ಮ ಏಜೆಂಟ್ ತೆಲುಗಿನವರು, ಬಾಯ್ತುಂಬ ಮಾತಾಡುವ ಮನುಷ್ಯ. ಸೂರು ಸೋರಿದ ಕಲೆ ನಮಗಿಂತ ಮೊದಲು ಅವರ ಕಣ್ಣಿಗೇ ಬೀಳುತ್ತಿತ್ತು. "ಈ ಸ್ಕೂಲ್ ಚೆನ್ನಾಗಿದೆಯಾ?" ಅಂದ ತಕ್ಷಣ ಗಪ್‌ಚುಪ್. "ಅಮ್ಮಾ, ಅದನ್ನ ನೀವೇ ನೋಡಿಕೊಳ್ಳಿ" ಅಂತ ವೆಬ್‌ಸೈಟ್ ಹೆಸರು ಹೇಳುತ್ತಿದ್ದರು. ಮೊದಲು ನನಗೆ ಸಿಟ್ಟು ಬಂತು. ಆಮೇಲೆ ಕಾರಣ ತಿಳಿಯಿತು. 1968ರ ಫೇರ್ ಹೌಸಿಂಗ್ ಕಾನೂನಿನ ಪ್ರಕಾರ ಜನಾಂಗ, ಧರ್ಮ ನೋಡಿ ಕೊಳ್ಳುವವರನ್ನು ಒಂದು ಬಡಾವಣೆಗೆ ತಳ್ಳುವ ಹಾಗಿಲ್ಲ. "ಒಳ್ಳೆ ಸ್ಕೂಲ್ ಏರಿಯಾ" ಅನ್ನುವ ಮಾತು ಹಿಂದೆ ಅದಕ್ಕೆ ಮುಸುಕಾಗಿತ್ತು. ಅದಕ್ಕೇ ಏಜೆಂಟರು ಬಾಯಿಗೆ ಬೀಗ ಹಾಕಿಕೊಳ್ಳುತ್ತಾರೆ. ಪಾಪ, ಅವರ ತಪ್ಪಲ್ಲ. ಆದರೆ ಏಜೆಂಟ್ ಬಾಯಿಗೆ ಬಾರದ ಮಾತನ್ನು ಈಗ ನಂಬರ್ ಹೇಳುತ್ತಿದೆ, ಅಲ್ವಾ?

ಹೊಸ ಲೇಔಟಿನ ಸೇಲ್ಸ್ ಆಫೀಸಿನಲ್ಲಿ ಈ ಮೌನ ಇರಲಿಲ್ಲ. ಗೋಡೆ ಮೇಲೆ ದೊಡ್ಡ ಮ್ಯಾಪ್, ಅದರಲ್ಲಿ ಹಸಿರು ಚೌಕ, ಮೇಲೆ "ಮುಂದಿನ ಎಲಿಮೆಂಟರಿ ಶಾಲೆ" ಅಂತ. ಯಾವಾಗ ಅಂದರೆ "ಸದ್ಯದಲ್ಲೇ". ಡಿಸ್ಟ್ರಿಕ್ಟ್ ಆಫೀಸಿಗೆ ಫೋನ್ ಮಾಡಿದೆ. ಜಾಗ ಇದೆ, ಕಟ್ಟಡಕ್ಕೆ ದಿನಾಂಕ ಇಲ್ಲ ಅಂದರು. ಆ ಮನೆಗಳನ್ನು ಪಟ್ಟಿಯಿಂದ ತೆಗೆದೆವು. ಆಮೇಲೂ ಆ ಬಿಲ್ಡರ್ ಕಡೆಯಿಂದ ತಿಂಗಳಾನುಗಟ್ಟಲೆ ಮೆಸೇಜ್ ಬರ್ತಾನೇ ಇತ್ತು, ಅದು ಬೇರೆ ವಿಷಯ.

ಶಾಲೆಯ ಹೆಸರಲ್ಲಿ ಮನೆಗೆ ಎಷ್ಟು ಜಾಸ್ತಿ ಕೊಡುತ್ತಾರೆ ಅನ್ನುವುದನ್ನು ಅಳೆದವರೂ ಇದ್ದಾರೆ. ಅರ್ಥಶಾಸ್ತ್ರಜ್ಞೆ ಸ್ಯಾಂಡ್ರಾ ಬ್ಲ್ಯಾಕ್ 1999ರಲ್ಲಿ ಪ್ರಕಟಿಸಿದ ಅಧ್ಯಯನ ನನಗೆ ತುಂಬ ಇಷ್ಟವಾಯಿತು. ಮ್ಯಾಸಚೂಸೆಟ್ಸ್‌ನಲ್ಲಿ ಶಾಲೆಯ ಗಡಿಗೆರೆಯ ಎರಡೂ ಬದಿಯ ಮನೆಗಳನ್ನಷ್ಟೇ ಅವರು ಹೋಲಿಸಿದರು. ಬೀದಿ ಒಂದೇ, ಪಾರ್ಕ್ ಒಂದೇ, ಅಂಗಡಿ ಒಂದೇ, ಬೇರೆ ಇರುವುದು ಶಾಲೆ ಮಾತ್ರ. ಪರೀಕ್ಷೆಯ ಅಂಕ ಶೇಕಡಾ 5 ಜಾಸ್ತಿ ಇದ್ದರೆ ಮನೆಗೆ ಶೇಕಡಾ 2.5 ಜಾಸ್ತಿ ಕೊಡಲು ಜನ ತಯಾರಿದ್ದರು. ನಾವು ನೋಡಿದ ರಸ್ತೆಯಲ್ಲಿ ವ್ಯತ್ಯಾಸ ಇದಕ್ಕಿಂತ ದೊಡ್ಡದೇ ಇತ್ತು. ಮಾರುವಾಗ ಆ ದುಡ್ಡು ವಾಪಸ್ ಬರುತ್ತೆ ಅಂತ ನಮ್ಮನೆಯವರ ವಾದ. ಬರಬಹುದು, ಗಡಿ ಅಲ್ಲೇ ಇದ್ದರೆ.

ಟ್ಯಾಕ್ಸನ್ನು ಮರೆತು ಲೆಕ್ಕ ಹಾಕಬೇಡಿ. ಟೆಕ್ಸಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ ಅಂತ ಬೀಗುತ್ತೇವೆ. ಪ್ರಾಪರ್ಟಿ ಟ್ಯಾಕ್ಸ್ ಬಿಲ್ ಬಂದಾಗ ಬೀಗಿದ್ದೆಲ್ಲ ಇಳಿಯುತ್ತೆ. ಫ್ರಿಸ್ಕೊದಲ್ಲಿ ಆ ಬಿಲ್ಲಿನ ಅರ್ಧಕ್ಕಿಂತ ಜಾಸ್ತಿ ಸ್ಕೂಲ್ ಡಿಸ್ಟ್ರಿಕ್ಟಿನದ್ದೇ, 100 ಡಾಲರ್ ಮೌಲ್ಯಕ್ಕೆ ಒಂದು ಡಾಲರ್ ಚಿಲ್ಲರೆ. ವಾಸದ ಮನೆ ಅಂತ ಹೋಮ್‌ಸ್ಟೆಡ್ ಅರ್ಜಿ ಹಾಕಿದರೆ ಶಾಲೆಯ ತೆರಿಗೆಯಲ್ಲಿ ಮನೆಯ ಮೌಲ್ಯದಿಂದ ಇಷ್ಟು ಅಂತ ಬಿಟ್ಟು ಲೆಕ್ಕ ಹಾಕುತ್ತಾರೆ. 2023ರಲ್ಲಿ ಆ ವಿನಾಯಿತಿ ಒಂದು ಲಕ್ಷ ಡಾಲರ್ ಆಯಿತು, 2025ರ ನವೆಂಬರಿನ ಮತದಾನದಲ್ಲಿ ಒಂದು ಲಕ್ಷ ನಲವತ್ತು ಸಾವಿರಕ್ಕೆ ಏರಿತು. ಅರ್ಜಿ ನೀವೇ ಹಾಕಬೇಕು, ಅದಕ್ಕೂ ಫೀಸ್ ಇಲ್ಲ. ದುಡ್ಡು ಕೇಳಿ ಬರುವ ಕಾಗದಗಳನ್ನು ಕಸಕ್ಕೆ ಹಾಕಿ. ಹೊಸ ಮನೆಯಾದರೆ ಇನ್ನೊಂದು ಪೆಟ್ಟು ಇದೆ. ಮೊದಲ ವರ್ಷದ ಬಿಲ್ ಖಾಲಿ ಸೈಟಿನ ಮೇಲೆ ಬರಬಹುದು. ಮುಂದಿನ ವರ್ಷ ಮನೆಯ ಪೂರ್ತಿ ಮೌಲ್ಯದ ಮೇಲೆ ಬಂದಾಗ ತೆರಿಗೆಯೂ ಸೇರಿದ ತಿಂಗಳ ಕಂತು ಎಗರುತ್ತೆ. ಹೈವೇ 380 ದಾಟಿ ಉತ್ತರಕ್ಕೆ ಹೋದರೆ ಕೆಲವು ಲೇಔಟುಗಳಲ್ಲಿ ನೀರು, ರಸ್ತೆಗೆ ಅಂತ ಮಡ್, ಪಿಡ್ ಹೆಸರಿನ ಮತ್ತೊಂದು ತೆರಿಗೆ. ಶಾಲೆಯ ಅಂಕ ಚೆನ್ನಾಗಿ ತೋರಿಸುವ ಲಿಸ್ಟಿಂಗ್‌ನಲ್ಲಿ ಇದು ಮೂಲೆಯಲ್ಲಿರುತ್ತೆ.

ಹೈಸ್ಕೂಲ್ ಮಕ್ಕಳಿರುವವರಿಗೆ ಒಂದು ವಿಷಯ. ಇದು ನನಗೆ ಗೊತ್ತಾಗಿದ್ದು ದೇವಸ್ಥಾನದಲ್ಲಿ ಪ್ರಸಾದದ ಸಾಲಿನಲ್ಲಿ ನಿಂತಾಗ, ಮಂಡ್ಯ ಕಡೆಯ ಒಬ್ಬ ಅಕ್ಕನಿಂದ. ಟೆಕ್ಸಸ್‌ನಲ್ಲಿ 1997ರಿಂದ ಒಂದು ಕಾನೂನಿದೆ: ಹೈಸ್ಕೂಲಿನಲ್ಲಿ ಮೊದಲ ಶೇಕಡಾ ಹತ್ತರೊಳಗೆ ಬಂದವರಿಗೆ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ನೇರ ಪ್ರವೇಶ. ಆಸ್ಟಿನ್‌ನ ಯೂನಿವರ್ಸಿಟಿ ಆಫ್ ಟೆಕ್ಸಸ್‌ಗೆ ಅದು ಶೇಕಡಾ ಆರು ಆಗಿತ್ತು, 2026ರ ಪ್ರವೇಶದಿಂದ ಐದು. ಲೆಕ್ಕ ಆಯಾ ಶಾಲೆಯ ಒಳಗೇ. ಐನೂರು ಮಕ್ಕಳ ಬ್ಯಾಚಿನಲ್ಲಿ ಇಪ್ಪತ್ತೈದು ಸೀಟು ಅನ್ನಿ. ಒಂಬತ್ತು ಹತ್ತರ ಶಾಲೆಯಲ್ಲಿ ಆ ಇಪ್ಪತ್ತೈದಕ್ಕೆ ಕುಮಾನ್ ಮಕ್ಕಳೆಲ್ಲ ಸೇರಿ ಕಿತ್ತಾಡುತ್ತಾರೆ. "ಏಳರ ಸ್ಕೂಲಲ್ಲಿ ಇದ್ದಿದ್ರೆ ನನ್ ಮಗ ಆರಾಮಾಗಿ ಒಳಗಿರ್ತಿದ್ದ ಕಣಮ್ಮ" ಅಂದರು ಆ ಅಕ್ಕ. ಪೂರ್ತಿ ಒಪ್ಪದಿದ್ದರೂ ಲೆಕ್ಕ ತಪ್ಪಲ್ಲ. ದೊಡ್ಡ ನಂಬರಿನ ಶಾಲೆಗೆ ಹೋದರೆ ದೊಡ್ಡ ಕಾಲೇಜು ಸಿಕ್ಕೇ ಸಿಗುತ್ತೆ ಅಂತ ತಿಳಿದವರು ಇದನ್ನು ಒಮ್ಮೆ ಕೂತು ಯೋಚಿಸಬೇಕು.

ಗ್ರೇಟ್‌ಸ್ಕೂಲ್ಸ್ ಜೊತೆಗೆ ಬಳಸಬೇಕಾದ್ದು ರಾಜ್ಯದ ಸ್ವಂತ ಸೈಟು, ಟಿಎಕ್ಸ್‌ಸ್ಕೂಲ್ಸ್ ಡಾಟ್ ಗವ್. ಅಲ್ಲಿ ಎ ಯಿಂದ ಎಫ್ ತನಕ ದರ್ಜೆ. ಕೋರ್ಟಿನ ಗಲಾಟೆಯಿಂದ 2023ರ ದರ್ಜೆ ಹೊರಬಂದದ್ದು 2025ರ ಏಪ್ರಿಲ್‌ನಲ್ಲಿ. 2024, 2025ರ ದರ್ಜೆಗಳು ಆ ಆಗಸ್ಟಿನಲ್ಲಿ ಒಟ್ಟಿಗೇ ಬಂದವು. ನೋಡೋಕೆ ಚಂದ ಇಲ್ಲ, ಆದರೆ ಪ್ರಗತಿಗೆ ಬೇರೆಯದೇ ದರ್ಜೆ ಕೊಡುತ್ತಾರೆ. ಎರಡೂ ಸೈಟಿನಲ್ಲಿ ಪ್ರಗತಿ ಚೆನ್ನಾಗಿರುವ ಶಾಲೆಗಳನ್ನಷ್ಟೇ ಬರೆದುಕೊಂಡೆ. ಡಿಸ್ಟ್ರಿಕ್ಟಿನ ಸೈಟಿನಲ್ಲಿ ಮನೆಯ ವಿಳಾಸ ಹಾಕಿದರೆ ಝೋನ್ ಯಾವುದು ಅಂತ ಹೇಳುತ್ತೆ. ಅದೊಂದನ್ನೇ ನಂಬಿದೆ.

ಯಾವ ಸೈಟೂ ತೋರಿಸದ್ದು ಮಧ್ಯಾಹ್ನ ಶಾಲೆ ಬಿಡುವ ಹೊತ್ತು. ಎರಡು ಮೈಲಿಗಿಂತ ಹತ್ತಿರದ ಮನೆಗಳಿಗೆ ಸಾಮಾನ್ಯವಾಗಿ ಸ್ಕೂಲ್ ಬಸ್ ಇಲ್ಲ, ಹಾಗಾಗಿ ಕಾರಿನ ಸಾಲು. ಒಂಬತ್ತರ ಶಾಲೆಯ ಸಾಲು ಕ್ಯಾಂಪಸ್ ದಾಟಿ, ತಿರುವು ದಾಟಿ, ಮೇನ್ ರೋಡಿನ ಬಲಗಡೆಯ ಲೇನಿನಲ್ಲಿ ನಿಂತಿತ್ತು. ಬಾಗಿಲು ತೆರೆಯುವ ಅರ್ಧ ಗಂಟೆ ಮುಂಚೆಯೇ ಜನ ಬಂದು, ಎಂಜಿನ್ ಆಫ್ ಮಾಡಿ, ಸ್ಟೀರಿಂಗ್ ಮೇಲೆ ಲ್ಯಾಪ್‌ಟಾಪ್ ಇಟ್ಟು ಮೀಟಿಂಗ್ ಮಾಡುತ್ತಿದ್ದರು. ಏಳರ ಶಾಲೆಯಲ್ಲೂ ಸಾಲು ಇತ್ತು, ಗೇಟಿನೊಳಗೇ ಮುಗಿಯುತ್ತಿತ್ತು. ಫುಟ್‌ಪಾತ್ ಮೇಲೆ ಅಜ್ಜಿಯೊಬ್ಬರು, ಸೀರೆಗೆ ಸ್ವೆಟರ್ ಹಾಕಿಕೊಂಡು, ಮೊಮ್ಮಗನ ಬ್ಯಾಗ್ ಹೊತ್ತು ನಡೆದು ಹೋಗುತ್ತಿದ್ದರು. ನಮ್ಮತ್ತೆ ಬಂದರೆ ಅವರಿಗೂ ಇಂಥದೇ ಒಂದು ಕೆಲಸ ಸಿಗುತ್ತೆ ಅಂದುಕೊಂಡೆ. ನಾನೂ ನಮ್ಮನೆಯವರೂ ಕೆಲಸಕ್ಕೆ ಹೋಗುವವರು, ದಿನಾ ಮೂರು ಗಂಟೆಗೆ ಬಿಡುವು ಇಬ್ಬರಿಗೂ ಸಿಗೋದಿಲ್ಲ.

ಒಳಗೆ ಆಫೀಸಿನಲ್ಲಿ ಕೇಳಿದ್ದು ಸಾದಾ ಪ್ರಶ್ನೆಗಳೇ. ಎರಡನೇ ಕ್ಲಾಸಿನಲ್ಲಿ ಎಷ್ಟು ಸೆಕ್ಷನ್, ಒಂದರಲ್ಲಿ ಎಷ್ಟು ಮಕ್ಕಳು? ನಾಲ್ಕನೇ ಕ್ಲಾಸಿನವರೆಗೆ ಒಬ್ಬ ಟೀಚರಿಗೆ 22 ಮಕ್ಕಳು ಅಂತ ರಾಜ್ಯದ ಮಿತಿ ಇದೆ, ವಿನಾಯಿತಿ ತಗೊಂಡು ದಾಟಲೂಬಹುದು. ನೀವು ದಾಟಿದ್ದೀರಾ? ಹೋದ ವರ್ಷ ಎಷ್ಟು ಟೀಚರ್ ಬಿಟ್ಟು ಹೋದರು? ಒಂದು ಕಡೆ "ಅದನ್ನು ಹೇಳೋ ಹಾಗಿಲ್ಲ" ಅಂದರು. ಇನ್ನೊಂದು ಕಡೆ ಫ್ರಂಟ್ ಆಫೀಸಿನಾಕೆ ನಕ್ಕು, "ನಾನೇ ಇಲ್ಲಿ ಹದಿನಾಲ್ಕನೇ ವರ್ಷ, ನನ್ನ ಮಗಳೂ ಇಲ್ಲೇ ಟೀಚರ್" ಅಂದರು.

ನಾವು ತಗೊಂಡಿದ್ದು ಆ ಬದಿಯ ಮನೆ, ಏಳರ ಶಾಲೆಯದ್ದು. ಉತ್ತರದ ಬಾಗಿಲು. ಉಳಿದ ದುಡ್ಡಿನಲ್ಲಿ ಸೂರು ಸರಿ ಮಾಡಿಸಿದೆವು. ನಮ್ಮ ಸ್ನೇಹಿತರಲ್ಲಿ ಕೆಲವರು ಈಗಲೂ "ಏಳಾ?" ಅಂತ ಹುಬ್ಬೇರಿಸುತ್ತಾರೆ. ಏರಿಸಲಿ ಬಿಡಿ.

ಮೂರು ನಕ್ಷತ್ರ ಯಾಕೆ ಅಂದರೆ: ಪುಕ್ಕಟೆಯಾಗಿ ಇಷ್ಟು ಮಾಹಿತಿ ಒಂದೇ ಕಡೆ ಸಿಗುವುದು ಸಣ್ಣ ವಿಷಯ ಅಲ್ಲ, ಪುಟ ಸರಳವಾಗಿದೆ, ಎರಡು ಶಾಲೆ ಪಕ್ಕಪಕ್ಕ ಇಟ್ಟು ನೋಡಬಹುದು. ಒಂದು ನಕ್ಷತ್ರ ಕಳೆದದ್ದು ಎಲ್ಲವನ್ನೂ ಕಲಸಿ ಒಂದು ನಂಬರ್ ಮಾಡಿ ಮನೆ ಮಾರುವವರ ಕೈಗೆ ಕೊಟ್ಟಿದ್ದಕ್ಕೆ. ಇನ್ನೊಂದು ಹೋಗಿದ್ದು ಗಡಿಗೆ. ಮೂರು ವರ್ಷದೊಳಗೆ ಝೋನ್ ಬದಲಾದ ಬೀದಿಗಳಿಗೆ ಒಂದು ಗುರುತು, ಮನೆ ಮಾರುವ ಸೈಟಿನಲ್ಲಿ ಪ್ರಗತಿಯ ಅಂಕ ಬೇರೆಯಾಗಿ. ಇವೆರಡನ್ನು ಮಾಡಿದ ದಿನ ನಾನೇ ಬಂದು ಐದು ಮಾಡ್ತೀನಿ.